ಜುಬಾಫ್ ಅವರ ‘ಬಿಹೇವಿಯರಲ್ ಸರ್‌ಪ್ಲಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ: ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ನಿವೃತ್ತ ಪ್ರಾಧ್ಯಾಪಕಿ ಶೋಶಾನಾ ಜುಬಾಫ್ ತಮ್ಮ 2019ರ ಪುಸ್ತಕದಲ್ಲಿ ‘ಸರ್ವೇಲನ್ಸ್ ಕ್ಯಾಪಿಟಲಿಸಂ’, ‘ಬಿಹೇವಿಯರಲ್ ಸರ್‌ಪ್ಲಸ್’ ಎಂಬ ಪದಗಳನ್ನು ಬಳಸುತ್ತಾರೆ. ನನ್ನ ಲೇಖನದಲ್ಲಿ ಇವನ್ನು ‘ಗಾವಲು ಬಂಡವಾಳಶಾಹಿ’, ‘ಹೆಚ್ಚುವರಿ ನಡವಳಿಕೆ’ ಎನ್ನಬಹುದೇ?

ಉತ್ತರ: ನಮಸ್ಕಾರ. ಎರಡೂ ಬೇಡ ಎಂಬುದು ನನ್ನ ಅಭಿಪ್ರಾಯ.

‘ಗಾವಲು’ ಎಂದಾಗ ಮೊದಲು ಹೊಳೆಯುವುದು ಕಾಯುವ ಅರ್ಥ. ತೋಟಕ್ಕೆ, ಖಜಾನೆಗೆ ಗಾವಲು ಹಾಕುವುದು ಅವು ಉಳಿಯಲೆಂದು. ಜುಬಾಫ್ ಹೇಳುತ್ತಿರುವುದು ಕಂಪನಿಗಳು ನಮ್ಮನ್ನು ನೋಡಿ ನೋಡಿ, ನಮ್ಮ ನಡವಳಿಕೆಯ ದತ್ತಾಂಶವನ್ನು ಲಾಭಕ್ಕಾಗಿ ದೋಚುವುದರ ಬಗ್ಗೆ. ‘ಬೇಹುಗಾರಿಕೆ’ಯೂ ಕೂಡಿಬರದು, ಅದು ರಾಜ್ಯ, ಶತ್ರುಗಳ ಲೋಕದ ಮಾತು. ‘ಕಣ್ಗಾವಲು’ ಪದವನ್ನು ಪತ್ರಿಕೆಗಳು ಸಿಸಿಟಿವಿ ಜೊತೆ ಬಳಸಿ ಬಳಸಿ, ಅದರಲ್ಲಿ ಈಗ ನೋಟದ ಅರ್ಥವೇ ಮುಂದಾಗಿದೆ. ‘ಕಣ್ಗಾವಲು ಬಂಡವಾಳಶಾಹಿ’ ಸಾಕು.

ಕಷ್ಟದ್ದು ಎರಡನೆಯದು. ‘ಹೆಚ್ಚುವರಿ ಜಿಲ್ಲಾಧಿಕಾರಿ’ ಎಂದ ಹಾಗೆ ‘ಹೆಚ್ಚುವರಿ ನಡವಳಿಕೆ’ ಎಂದರೆ ಇನ್ನೊಂದು ನಡವಳಿಕೆ ಎಂದಾಗುತ್ತದೆ. ಇಲ್ಲಿ ಮಿಗುವುದು ನಡವಳಿಕೆಯಲ್ಲ, ಅದರ ದತ್ತಾಂಶ. ಗೂಗಲ್‌ನಲ್ಲಿ ಏನನ್ನಾದರೂ ಹುಡುಕಿದಾಗ ಟೈಪಿಸಿದ ಪದಗಳಷ್ಟೇ ಅಲ್ಲ, ಕಾಗುಣಿತದ ತಪ್ಪು, ಒತ್ತಿದ ಕೊಂಡಿ, ಇರುವ ಜಾಗ ಎಲ್ಲವೂ ದಾಖಲಾಗುತ್ತವೆ. ಮೊದಮೊದಲು ಇದೆಲ್ಲ ಹುಡುಕಾಟವನ್ನು ಸುಧಾರಿಸಲು ಬಳಕೆಯಾಗುತ್ತಿತ್ತು. 2000ದಲ್ಲಿ ಡಾಟ್‌ಕಾಂ ಕಂಪನಿಗಳು ಕುಸಿದು ಹೂಡಿಕೆದಾರರ ಒತ್ತಡ ಬಂದ ಮೇಲೆ, ಸುಧಾರಣೆಗೆ ಬೇಕಾದಷ್ಟು ತೆಗೆದು ಮಿಕ್ಕಿದ್ದನ್ನು ಗೂಗಲ್, ಯಾರು ಯಾವ ಜಾಹೀರಾತನ್ನು ಒತ್ತಿಯಾರು ಎಂದು ಊಹಿಸಲು ತಿರುಗಿಸಿತು ಎನ್ನುತ್ತಾರೆ ಜುಬಾಫ್. ಆ ಮಿಕ್ಕಿದ್ದೇ ಸರ್‌ಪ್ಲಸ್.

ಮಾರ್ಕ್ಸ್‌ನ ಸರ್‌ಪ್ಲಸ್ ವ್ಯಾಲ್ಯೂಗೆ, ಅಂದರೆ ಕೂಲಿಯಾಗಿ ಕೊಟ್ಟದ್ದಕ್ಕಿಂತ ಹೆಚ್ಚಾಗಿ ದುಡಿಮೆ ಹುಟ್ಟಿಸುವ, ಮಾಲೀಕರ ಪಾಲಾಗುವ ಮೌಲ್ಯಕ್ಕೆ, ಕನ್ನಡದ ಎಡಪಂಥೀಯ ಬರಹಗಳಲ್ಲಿ ‘ಮಿಗುತಾಯ ಮೌಲ್ಯ’ ಎಂಬ ಮಾತಿದೆ. ಅದೇ ಬೇರಿನಿಂದ ‘ನಡವಳಿಕೆಯ ಮಿಗುತಾಯ’ ಎನ್ನೋಣ. ಷಷ್ಠಿ ವಿಭಕ್ತಿಯನ್ನು ಬಿಡಬಾರದು. ಆದರೆ ಒಂದು ವ್ಯತ್ಯಾಸವನ್ನು ಲೇಖನದಲ್ಲಿ ಹೇಳಲೇಬೇಕು: ಮಾರ್ಕ್ಸ್‌ನಲ್ಲಿ ಹೀರಿಕೊಳ್ಳುವುದು ದುಡಿಮೆಯನ್ನು, ಜುಬಾಫ್‌ರಲ್ಲಿ ಮನುಷ್ಯರ ಅನುಭವವನ್ನು.

‘ನಮ್ಮ ದತ್ತಾಂಶವನ್ನು ಮಾರುತ್ತಾರೆ’ ಎಂಬ ರೂಢಿಯ ವಾಕ್ಯವನ್ನೂ ಅವರ ವಾದಕ್ಕೆ ಅಂಟಿಸಬೇಡಿ. ಅವರ ಪ್ರಕಾರ ದತ್ತಾಂಶ ಕಚ್ಚಾವಸ್ತು. ಮಾರಾಟವಾಗುವುದು ನಾವು ಮುಂದೆ ಏನು ಮಾಡುತ್ತೇವೆಂಬ ಊಹೆ. ಅದನ್ನವರು ‘ಪ್ರಿಡಿಕ್ಷನ್ ಪ್ರಾಡಕ್ಟ್ಸ್’ ಎನ್ನುತ್ತಾರೆ. ‘ಮುನ್ಸೂಚನೆ’ ಇಲ್ಲಿ ಸಲ್ಲದು, ಮಳೆಯ ಮುನ್ಸೂಚನೆಯನ್ನು ಕೊಡುವುದು ನೆನೆಯುವವರಿಗೇ. ಈ ಊಹೆ ಹೋಗುವುದು ಜಾಹೀರಾತುದಾರರಿಗೆ. ‘ಊಹೆಯ ಸರಕು’ ಎಂದರೆ ಕೊಳ್ಳುವವರು ಬೇರೆ ಇದ್ದಾರೆಂಬುದು ಪದದಲ್ಲೇ ಕಾಣುತ್ತದೆ.