ಟಾಸ್ಕ್‌ಗ್ರೂಪ್ ಕ್ಯಾನ್ಸಲ್ ಆದರೂ ಬೇರೆ ಪ್ರೋಸೆಸ್‌ನಲ್ಲಿ ಅಸಿಂಕ್ ಫಂಕ್ಷನ್ ಓಡುತ್ತಲೇ ಇದೆ, ಏನು ಮಾಡೋದು?

ಹಳೇಪುಟ:
ಹಳೆಯ ಪತ್ರಿಕೆಗಳ ಸ್ಕ್ಯಾನ್ ಚಿತ್ರ ಇಳಿಸಿಕೊಂಡು, ಓರೆ ಸರಿಮಾಡಿ, ಕಲೆ ತೆಗೆದು, ಡೇಟಾಬೇಸ್‌ಗೆ ಸೇರಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಪೈಥಾನ್ 3.12, ಲಿನಕ್ಸ್. ಒಂದು ಪುಟದ ಕೆಲಸವೆಲ್ಲ ಒಂದೇ ಅಸಿಂಕ್ ಫಂಕ್ಷನ್‌ನಲ್ಲಿದೆ (ಕಾಯುವಾಗ ಬೇರೆ ಕೆಲಸಕ್ಕೆ ದಾರಿ ಬಿಡುವಂಥದ್ದು). ಇಳಿಸುವುದೇನೋ ಸಲೀಸು. ಆದರೆ ಓರೆ ಸರಿಮಾಡುವ ಭಾಗ ಬರೀ ಪೈಥಾನ್ ಲೂಪ್, ಅದು ಶುರುವಾಯಿತೆಂದರೆ ಇವೆಂಟ್ ಲೂಪ್ (ಅಸಿಂಕ್ ಕೆಲಸಗಳಿಗೆ ಸರದಿ ಕೊಡುವ ಭಾಗ) ಎರಡು ಮೂರು ಸೆಕೆಂಡ್ ಕಲ್ಲಿನ ಹಾಗೆ ಕೂತುಬಿಡುತ್ತದೆ. ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಓಡಿಸಲು ಬಿಡುವ ಬೀಗ) ಇದೆಯಲ್ಲ, ಥ್ರೆಡ್‌ಗೆ ಹಾಕಿದರೂ ವೇಗ ಹೆಚ್ಚುವುದಿಲ್ಲ.

ಸರಿ ಅಂತ ಆ ಫಂಕ್ಷನ್ನನ್ನೇ ಪ್ರೋಸೆಸ್ ಪೂಲ್‌ಗೆ (ಕೆಲಸ ಹಂಚಿಕೊಳ್ಳುವ ಬೇರೆ ಪ್ರೋಸೆಸ್‌ಗಳ ಗುಂಪು) ಕೊಟ್ಟೆ. ಕೊರೂಟೀನ್ (ಅಸಿಂಕ್ ಫಂಕ್ಷನ್ ಕರೆದರೆ ಸಿಗುವ ವಸ್ತು) ಪಿಕಲ್ ಆಗಲ್ಲ, ಅಂದರೆ ಇನ್ನೊಂದು ಪ್ರೋಸೆಸ್‌ಗೆ ಕಳಿಸಲು ಬೈಟ್‌ಗಳಾಗಲ್ಲ ಅಂತ ಎರರ್ ಬಂತು. ಆಮೇಲೆ ಒಂದು ಮಾಮೂಲಿ ಫಂಕ್ಷನ್ ಬರೆದು ಅದರೊಳಗೆ ಅಸಿಂಕ್‌ಐಓ ರನ್ (ಹೊಸ ಇವೆಂಟ್ ಲೂಪ್ ಓಡಿಸುವುದು) ಕರೆದೆ, ಓಡಿತು. ಈಗಿನ ತಲೆನೋವು ಬೇರೆ. ಒಂದು ಪುಟ ಎಡವಿದರೆ, ಪುಟಗಳ ಟಾಸ್ಕ್‌ಗಳನ್ನೆಲ್ಲ ಒಟ್ಟಿಗೆ ನೋಡಿಕೊಳ್ಳುವ ಟಾಸ್ಕ್‌ಗ್ರೂಪ್ ಉಳಿದವನ್ನು ಕ್ಯಾನ್ಸಲ್ ಮಾಡುತ್ತದೆ, ಆದರೆ ಟಾಪ್ (ಓಡುತ್ತಿರುವ ಪ್ರೋಸೆಸ್‌ಗಳ ಪಟ್ಟಿ ತೋರಿಸುವ ಕಮಾಂಡ್) ಹಾಕಿ ನೋಡಿದರೆ ಮಕ್ಕಳ ಪ್ರೋಸೆಸ್‌ಗಳು ಆರಾಮಾಗಿ ಸಿಪಿಯು ತಿನ್ನುತ್ತಿರುತ್ತವೆ. ಅವು ಮುಗಿಯುವ ತನಕ ಪೂಲ್‌ನ ವಿತ್ ಬ್ಲಾಕ್‌ನಿಂದ ಹೊರಬರಲು ಆಗುವುದಿಲ್ಲ. ಮುಖ್ಯ ಪ್ರೋಗ್ರಾಂ ಅನ್ನೇ ಕಿಲ್ ಮಾಡಿದರೆ ಒಮ್ಮೊಮ್ಮೆ ಅವು ಅನಾಥವಾಗಿ ಉಳಿದುಬಿಡುತ್ತವೆ. ಇದನ್ನು ಸರಿಯಾಗಿ ಮಾಡುವುದು ಹೇಗೆ?

ಸೆಗ್‌ಫಾಲ್ಟ್_ಸ್ವಾಮಿ:
ಕ್ಯಾನ್ಸಲ್ ಆಗುತ್ತಿರುವುದು ಈ ಕಡೆ ಉತ್ತರಕ್ಕೆ ಕಾಯುತ್ತಾ ಕೂತ ಟಾಸ್ಕ್ ಮಾತ್ರ. ಪೂಲ್‌ನಲ್ಲಿ ಒಮ್ಮೆ ಶುರುವಾದ ಕೆಲಸವನ್ನು ಫ್ಯೂಚರ್ (ಮುಂದೆ ಬರುವ ಉತ್ತರಕ್ಕೆ ಹಿಡಿದ ಚೀಟಿ) ಕ್ಯಾನ್ಸಲ್ ಮುಟ್ಟುವುದೇ ಇಲ್ಲ. ಟ್ರಯೋ ಅನ್ನೋ ಅಸಿಂಕ್ ಲೈಬ್ರರಿಯ ನರ್ಸರಿ, ಪೈಥಾನ್ 3.11ರಲ್ಲಿ ಬಂದ ಟಾಸ್ಕ್‌ಗ್ರೂಪ್, ಎರಡೂ ಕೊಡುವ ಮಾತು ಒಂದೇ: ಬ್ಲಾಕ್ ಮುಗಿದ ಮೇಲೆ ಒಳಗಿನ ಯಾವ ಟಾಸ್ಕೂ ಬದುಕಿರುವುದಿಲ್ಲ. ಆದರೆ ಆ ಮಾತು ಒಂದು ಪ್ರೋಸೆಸ್‌ನ ಒಳಗಷ್ಟೇ ನಡೆಯುತ್ತದೆ. ಬೇಲಿ ದಾಟಿದ್ದಕ್ಕೆ ನೀವೇ ಜವಾಬ್ದಾರಿ.

ಸುಲಭದ ದಾರಿ ಬೇಕಾದರೆ ಎನಿಐಓ ಲೈಬ್ರರಿಯ ಟು_ಪ್ರೋಸೆಸ್ ನೋಡಿ. ಕ್ಯಾನ್ಸಲಬಲ್ ಅನ್ನೋ ಆಯ್ಕೆಯನ್ನು ಟ್ರೂ ಮಾಡಿದರೆ, ಹೊರಗಿನ ಟಾಸ್ಕ್ ಕ್ಯಾನ್ಸಲ್ ಆದ ಕೂಡಲೇ ಆ ಕೆಲಸಗಾರ ಪ್ರೋಸೆಸ್ಸನ್ನೇ ಕೊಂದುಹಾಕುತ್ತದೆ. ನಿಮ್ಮ ಮಾಮೂಲಿ ಫಂಕ್ಷನ್ ಹಾಗೇ ಇರಲಿ. ಕೊಲ್ಲುವುದು ಅಂದರೆ ನಿಜಕ್ಕೂ ಕೊಲ್ಲುವುದು, ಮಗುವಿನ (ಆ ಪ್ರೋಸೆಸ್‌ನ) ಫೈನಲಿ ಬ್ಲಾಕ್, ಅಂದರೆ ಕೊನೆಗೆ ಶುಚಿಮಾಡುವ ಭಾಗ, ಓಡುವುದಿಲ್ಲ. ಮತ್ತೆ ಅಲ್ಲಿ ಪ್ರಿಂಟ್ ಹಾಕಿದರೆ ಏನೂ ಕಾಣುವುದಿಲ್ಲ, ಯಾಕೆಂದರೆ ಸ್ಟಡ್‌ಔಟ್ (ಪ್ರಿಂಟ್ ಬರೆಯುವ ಜಾಗ) ಅನ್ನು ಡೆವ್‌ನಲ್‌ಗೆ (ಹಾಕಿದ್ದೆಲ್ಲ ಮಾಯವಾಗುವ ಫೈಲ್) ತಿರುಗಿಸಿರುತ್ತಾರೆ. ನಾನು ಒಂದು ಮಧ್ಯಾಹ್ನ ಪೂರ್ತಿ ಇದರಲ್ಲೇ ಕಳೆದಿದ್ದೇನೆ. ಲಾಗಿಂಗ್ ಬಳಸಿ.

ರಾತ್ರಿಪಾಳಿ:
ಮೊದಲು ಒಂದು ಪ್ರಶ್ನೆ. ಮಗುವಿಗೆ ಅಸಿಂಕ್ ಯಾಕೆ ಬೇಕು? ಇಳಿಸುವುದು, ಡೇಟಾಬೇಸ್‌ಗೆ ಬರೆಯುವುದು ಎರಡೂ ಇಲ್ಲೇ ಇರಲಿ, ಓರೆ ಸರಿಮಾಡುವುದನ್ನು ಮಾತ್ರ ಅಲ್ಲಿಗೆ ಕಳಿಸಿ. ಚಿತ್ರದ ಬೈಟ್‌ಗಳನ್ನು ಕಳಿಸಬೇಡಿ, ಸುಮ್ನೆ ಪಿಕಲ್ ಆಗಿ ಪೈಪ್‌ನಲ್ಲಿ ಓಡಾಡುತ್ತವೆ. ಫೈಲ್ ಎಲ್ಲಿದೆ ಅಂತ ಹೇಳಿದರೆ ಸಾಕು. ಹಾಗೆ ಮಾಡಿದರೆ ಮಗುವನ್ನು ಕೊಂದರೂ ಅರ್ಧ ಬರೆದ ಒಂದು ಫೈಲ್ ಬಿಟ್ಟು ನಷ್ಟವಿಲ್ಲ. ಅದಕ್ಕೂ ಬೇರೆ ಹೆಸರಲ್ಲಿ ಬರೆದು ಕೊನೆಗೆ ಹೆಸರು ಬದಲಿಸಿದರೆ ಆಯಿತು. ಹತ್ತರಲ್ಲಿ ಒಂಬತ್ತು ಸಲ ಇಷ್ಟೇ ಸಾಕಾಗುತ್ತದೆ, ಆದರೆ ಯಾರೂ ಕೇಳುವುದಿಲ್ಲ.

ಕೊನೇಪೈಪ್:
ರಾತ್ರಿಪಾಳಿ ಹೇಳಿದ್ದು ಸರಿ. ಆದರೂ ಮಗುವಿನಲ್ಲಿ ಅಸಿಂಕ್ ಬೇಕೇ ಬೇಕು, ಅದು ಅಚ್ಚುಕಟ್ಟಾಗಿ ನಿಲ್ಲಬೇಕು ಅಂದರೆ ಒಂದು ಪೈಪ್ (ಎರಡು ಪ್ರೋಸೆಸ್ ನಡುವಿನ ಕೊಳವೆ) ಹಾಕಿ. ಬರೆಯುವ ತುದಿ ಅಪ್ಪನ (ಮುಖ್ಯ ಪ್ರೋಸೆಸ್‌ನ) ಕೈಲಿ, ಓದುವ ತುದಿ ಮಗುವಿನ ಕೈಲಿ. ಮಗುವಿನಲ್ಲಿ ಎರಡು ಟಾಸ್ಕ್: ಒಂದು ನಿಮ್ಮ ಕೆಲಸ, ಇನ್ನೊಂದು ಆ ಪೈಪ್ ಮುಚ್ಚುವುದನ್ನೇ ಕಾಯುತ್ತಾ ಕೂರುವುದು. ಮುಚ್ಚಿತೋ, ಕೆಲಸವನ್ನು ಕ್ಯಾನ್ಸಲ್ ಮಾಡು. ಕೆಲಸವೇ ಮೊದಲು ಮುಗಿಯಿತೋ, ಕಾಯುವವನನ್ನು ಕ್ಯಾನ್ಸಲ್ ಮಾಡು. ಇದರ ಚೆಂದ ಏನೆಂದರೆ ಅಪ್ಪನನ್ನು ಕಿಲ್ ಮೈನಸ್ ಒಂಬತ್ತು (ತಕ್ಷಣ ಕೊಲ್ಲುವ ಕಮಾಂಡ್) ಹೊಡೆದರೂ ಕರ್ನಲ್ಲೇ ಪೈಪ್ ಮುಚ್ಚುತ್ತದೆ, ಅನಾಥರು ಉಳಿಯುವುದಿಲ್ಲ. ಅಪ್ಪ ಬದುಕಿದ್ದಾಗ ಪೈಪ್ ಮುಚ್ಚಿ 5 ಸೆಕೆಂಡ್ ಕಾದು, ಆಮೇಲೂ ಹೋಗದಿದ್ದರೆ ಕೊಲ್ಲಲಿ. ಟ್ರಯೋದ ರನ್_ಪ್ರೋಸೆಸ್ ಕೂಡ ಹೀಗೇ ಮಾಡುತ್ತದೆ: ಮೊದಲು ಸಿಗ್‌ಟರ್ಮ್ (ನಿಲ್ಲು ಅನ್ನುವ ಸಂಕೇತ), 5 ಸೆಕೆಂಡ್ ಬಿಟ್ಟು ಸಿಗ್‌ಕಿಲ್ (ಕೊಲ್ಲುವ ಸಂಕೇತ).

ಎರಡು ಕಡೆ ಎಡವುತ್ತೀರಿ. ನಿಮ್ಮ 3.12ರಲ್ಲಿ ಲಿನಕ್ಸ್‌ನಲ್ಲಿ ಮಗುವನ್ನು ಹುಟ್ಟಿಸುವ ಡೀಫಾಲ್ಟ್ ವಿಧಾನ ಫೋರ್ಕ್, ಅಂದರೆ ಅಪ್ಪನದೇ ನಕಲು (3.14ರಲ್ಲಿ ಫೋರ್ಕ್‌ಸರ್ವರ್ ಆಯಿತು). ಫೋರ್ಕ್ ಮಾಡಿದರೆ ಬರೆಯುವ ತುದಿಯ ನಕಲು ಪ್ರತಿ ಮಗುವಿಗೂ ಹೋಗುತ್ತದೆ. ಅಪ್ಪ ಮುಚ್ಚಿದರೂ ಅಣ್ಣತಮ್ಮಂದಿರ ಕೈಲಿ ತೆರೆದೇ ಇರುತ್ತದೆ, ಮುಚ್ಚಿದ ಸುದ್ದಿ ಯಾರಿಗೂ ಬರುವುದಿಲ್ಲ. ಮಗುವನ್ನು ಹೊಸದಾಗಿ ಶುರುಮಾಡುವ ಸ್ಪಾನ್ ಬಳಸಿ. ಇನ್ನೊಂದು, ಕ್ಯಾನ್ಸಲ್ ತಲುಪುವುದು ಅವೇಟ್ (ಇವೆಂಟ್ ಲೂಪ್‌ಗೆ ಸರದಿ ಬಿಟ್ಟುಕೊಡುವ ಜಾಗ) ಇರುವ ಕಡೆ ಮಾತ್ರ. ನಿಮ್ಮ ಲೂಪ್ ಓಡುವಾಗ ಮಗುವಿನ ಇವೆಂಟ್ ಲೂಪೂ ಕಲ್ಲೇ ಅಲ್ವಾ? ನೂರಿನ್ನೂರು ಸಾಲಿಗೊಮ್ಮೆ ಸ್ಲೀಪ್ ಸೊನ್ನೆಯನ್ನು ಅವೇಟ್ ಮಾಡಿ.

ಹಳೇಪುಟ:
ರಾತ್ರಿಪಾಳಿ ಹೇಳಿದಂತೆ ಒಡೆದೆ, ಎನಿಐಓ ಹಾಕಿದೆ. ಮೊದಲ ಓಟದಲ್ಲೇ ಬಿದ್ದೆ, ಫೈಲ್ ಕೊನೆಯಲ್ಲಿ ನೇಮ್-ಮೇನ್ ಚೆಕ್ (ಫೈಲನ್ನು ನೇರವಾಗಿ ಓಡಿಸಿದಾಗ ಮಾತ್ರ ಕೆಲಸ ಶುರುಮಾಡು ಅನ್ನುವ ಸಾಲು) ಹಾಕಿರಲಿಲ್ಲ, ಮಗು ನನ್ನ ಫೈಲನ್ನೇ ಇಂಪೋರ್ಟ್ ಮಾಡಿ ಎಲ್ಲ ಮತ್ತೆ ಶುರುಮಾಡಲು ಹೊರಟಿತ್ತು. ಅದು ಸರಿಯಾದ ಮೇಲೆ ಬೇಕಂತಲೇ ಒಂದು ಕೆಟ್ಟ ಚಿತ್ರ ಕೊಟ್ಟು ನೋಡಿದೆ. ಟಾಪ್ ಖಾಲಿ. ಪೈಪ್ ಉಪಾಯವನ್ನೂ ಬೇರೆ ಕಡೆ ಬರೆದು ನೋಡುತ್ತೇನೆ. ಅಂದಹಾಗೆ, ಆ ಲೂಪನ್ನೇ ನಂಪೈನಲ್ಲಿ (ಲೆಕ್ಕ ವೇಗವಾಗಿ ಮಾಡುವ ಲೈಬ್ರರಿ) ಬರೆ ಮಾರಾಯ ಅಂತ ಯಾರೂ ಬೈಯಲಿಲ್ಲ, ಥ್ಯಾಂಕ್ಸ್.

ಸೆಗ್‌ಫಾಲ್ಟ್_ಸ್ವಾಮಿ:
ಅದನ್ನೇ ಟೈಪ್ ಮಾಡುತ್ತಿದ್ದೆ.