ಪದಚರ್ಚೆ: ಹಂದಿಮರಿ ಆರೈಕೆಯಲ್ಲಿ ‘ಗಿಣ್ಣು’, ‘ತೆವಳು ಆಹಾರ’, ‘ಬೇರ್ಪಡಿಸು’

ಪ್ರಶ್ನೆ: ಹಂದಿ ಸಾಕುವವರಿಗಾಗಿ ಮರಿಗಳ ಆರೈಕೆಯ ಕೈಪಿಡಿಯೊಂದರ ಕರಡು ತಿದ್ದುತ್ತಿದ್ದೇವೆ. ಕೆಲವು ಪದಗಳಲ್ಲಿ ಒಮ್ಮತವಿಲ್ಲ. ‘ಗಿಣ್ಣು’ ಎಂದರೆ ಹಸುವಿನದೇ ನೆನಪಾಗುತ್ತದೆ, ‘ಪ್ರಥಮ ಕ್ಷೀರ’ ಇರಲಿ ಎನ್ನುವವರಿದ್ದಾರೆ. ಕ್ರೀಪ್ ಫೀಡನ್ನು ‘ತೆವಳು ಆಹಾರ’ ಎಂದು ಮಾಡಿದ್ದಾರೆ. ಸೂಜಿಹಲ್ಲು (ಮರಿಗೆ ಹುಟ್ಟುವಾಗಲೇ ಇರುವ ಚೂಪು ಹಲ್ಲು) ‘ಕೀಳಬೇಕು’, ಎಂಟನೇ ವಾರಕ್ಕೆ ಮರಿಗಳನ್ನು ‘ಬೇರ್ಪಡಿಸಬೇಕು’ ಎಂದಿದೆ. ‘ಪ್ರಸವಿಸಿತು’ ಸರಿಯೇ, ‘ಮರಿ ಹಾಕಿತು’ ಸರಿಯೇ?

ಉತ್ತರ: ‘ಮರಿ ಹಾಕಿತು’ ಸಾಕು. ‘ಈಯಿತು’ ಎಂದರೂ ತಪ್ಪಿಲ್ಲ.

‘ಗಿಣ್ಣು’ ಎಂದೇ ಬರೆಯಿರಿ, ಆದರೆ ಜೊತೆಯಲ್ಲಿ ಗಡುವನ್ನೂ ಬರೆಯಿರಿ. ಹಸುವಿನ ಗಿಣ್ಣು ಮೂರ್ನಾಲ್ಕು ದಿನ ಬರುವುದನ್ನು ಕಂಡವರು ಹಂದಿಯಲ್ಲೂ ಅಷ್ಟು ಸಮಯವಿದೆ ಎಂದುಕೊಳ್ಳುತ್ತಾರೆ. ರೋಗ ತಡೆಯುವ ಶಕ್ತಿ ಗರ್ಭದಲ್ಲಿ ತಾಯಿಯಿಂದ ಮರಿಗೆ ದಾಟುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಗುಣ ಮರಿಯ ಕರುಳಿಗೆ ಇರುವುದು ಸುಮಾರು ಒಂದು ದಿನ, ಅದೂ ಗಂಟೆಗಂಟೆಗೆ ಕುಗ್ಗುತ್ತದೆ. ಮೊದಲ ದಿನವೇ ಮರಿಯೊಂದಕ್ಕೆ 200ರಿಂದ 250 ಮಿ.ಲೀ. ಸಿಗಬೇಕು. ಬೇರೆ ತಾಯಿಗೆ ಬಿಡುವ ಮರಿಯೂ ಮೊದಲು ತನ್ನ ತಾಯಿಯ ಗಿಣ್ಣು ಕುಡಿದಿರಲಿ.

ಹಾಲು ಇಳಿಯುವುದಕ್ಕೆ ಹಸುವಿಗೆ ಹೇಳುವ ‘ಸೊರ ಬಿಡುವುದು’ ಇಲ್ಲಿಗೂ ಚೆನ್ನಾಗಿ ಹೊಂದುತ್ತದೆ. ತಾಯಿಹಂದಿ ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ಒಮ್ಮೆ ಸೊರ ಬಿಡುತ್ತದೆ, ಹಾಲು ಇಳಿಯುವುದು ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ಮಾತ್ರ. ಆ ಹೊತ್ತಿಗೆ ಮೊಲೆಯಲ್ಲಿಲ್ಲದ ಮರಿ ಇನ್ನೊಂದು ಸರದಿಯವರೆಗೆ ಉಪವಾಸ. ಎರಡು ಮೂರು ದಿನದಲ್ಲಿ ಪ್ರತಿ ಮರಿಯೂ ತನ್ನ ಮೊಲೆಯನ್ನು ಗೊತ್ತುಮಾಡಿಕೊಳ್ಳುತ್ತದೆ. ಆದ್ದರಿಂದ ಹುಟ್ಟುವಾಗಲೇ ಚಿಕ್ಕದಾದ ಪೀಚು ಮರಿಯನ್ನು ಮೊದಲ ದಿನವೇ ಹಾಲು ಹೆಚ್ಚಿರುವ ಮುಂದಿನ ಮೊಲೆಗೆ ಹಚ್ಚಬೇಕು. ಕರಡಿನ ‘ಬಡಕಲು ಮರಿ’ ಬೇಡ, ಅದು ಆಮೇಲೆ ಸೊರಗಿದ ಮರಿಯನ್ನು ಹೇಳುತ್ತದೆ.

‘ಕೀಳಬೇಕು’ ಅಪಾಯದ ಮಾತು, ಯಾರಾದರೂ ಇಕ್ಕಳ ಹಿಡಿದು ನಿಜಕ್ಕೂ ಕಿತ್ತಾರು. ಸೂಜಿಹಲ್ಲು ಮೇಲೆ ನಾಲ್ಕು, ಕೆಳಗೆ ನಾಲ್ಕು. ಕತ್ತರಿಸಬೇಕಾದದ್ದು ತುದಿಯ ಮೂರನೇ ಒಂದು ಭಾಗ ಮಾತ್ರ, ಅದೂ ಗಿಣ್ಣು ಕುಡಿದ ಮೇಲೆ. ವಸಡಿನ ಮಟ್ಟಕ್ಕೆ ಕತ್ತರಿಸಿದರೆ ಹಲ್ಲು ಸೀಳಿ ಕೀವಾಗುತ್ತದೆ, ನೋವಿಗೆ ಮರಿ ಚೀಪುವುದನ್ನೇ ಬಿಡುತ್ತದೆ. ತಾಯಿಯ ಮೊಲೆಗೆ, ಜೊತೆಮರಿಗಳ ಕೆನ್ನೆಗೆ ಗಾಯವಾಗದಿದ್ದರೆ ಹಲ್ಲು ಮುಟ್ಟದಿರುವುದೇ ಒಳ್ಳೆಯದು.

‘ತೆವಳು ಆಹಾರ’ ಓದಿದವರಿಗೆ ಏನೂ ತಿಳಿಯುವುದಿಲ್ಲ. ಮರಿ ಮಾತ್ರ ನುಸುಳಬಲ್ಲ, ತಾಯಿ ಬಾಯಿ ಹಾಕಲಾಗದ ಕಂಡಿಯ ಆಚೆ ಇಡುವ ಆಹಾರ ಅದು. ‘ಮರಿ ಆಹಾರ’ ಎನ್ನಿ, ಎಲ್ಲಿಡಬೇಕೆಂದು ಒಂದು ವಾಕ್ಯ ಸೇರಿಸಿ. ಏಳರಿಂದ ಹತ್ತನೇ ದಿನಕ್ಕೆ ಶುರುಮಾಡಿ, ಚೂರುಚೂರೇ ಹಾಕಿ, ಉಳಿದದ್ದನ್ನು ದಿನವೂ ತೆಗೆದು ಹೊಸದು ಇಡಬೇಕು. ಹಳಸಿದ್ದು ತಿಂದರೆ ಬೇಧಿ ಖಂಡಿತ.

ಮತ್ತೊಬ್ಬರು: ಇನ್ನೆರಡು ಮಾತು. ‘ಕಬ್ಬಿಣದ ಚುಚ್ಚುಮದ್ದು’ ಎಂದರೆ ಹಲವರು ಲಸಿಕೆ ಎಂದುಕೊಳ್ಳುತ್ತಾರೆ. ‘ರಕ್ತಹೀನತೆ ತಡೆಯುವ ಕಬ್ಬಿಣಾಂಶದ ಇಂಜೆಕ್ಷನ್’ ಎಂದು ಬಿಡಿಸಿ ಹೇಳಿ. ಮರಿಗೆ ದಿನಕ್ಕೆ ಸುಮಾರು 7 ಮಿ.ಗ್ರಾಂ. ಕಬ್ಬಿಣ ಬೇಕು, ಹಾಲಿನಿಂದ ಸಿಗುವುದು 1 ಮಿ.ಗ್ರಾಂ. ಮಾತ್ರ. ಅದಕ್ಕೇ ಮೂರನೇ ದಿನದ ಹೊತ್ತಿಗೆ ಕುತ್ತಿಗೆಯ ಮಾಂಸಖಂಡಕ್ಕೆ 200 ಮಿ.ಗ್ರಾಂ. ಕೊಡುವುದು.

‘ಬಿಸಿ ಕೋಣೆ’ಯ ಬದಲು ‘ಕಾವಿನ ಮೂಲೆ’ ಎನ್ನಿ. ಮೊದಲ ದಿನಗಳಲ್ಲಿ ಮರಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬೇಕು, ತಾಯಿಗೆ 20ರ ಆಸುಪಾಸು ಹಿತ. ಇಡೀ ಕೋಣೆ ಕಾಯಿಸಿದರೆ ತಾಯಿ ಮೇವು ಬಿಡುತ್ತದೆ, ಹಾಲು ಇಳಿಮುಖವಾಗುತ್ತದೆ. ಕಾವೇ ಇಲ್ಲದಿದ್ದರೆ ಮರಿಗಳು ತಾಯಿಯ ಹೊಟ್ಟೆಗೆ ಒತ್ತಿಕೊಂಡು, ಅದು ಮಲಗುವಾಗ ಅಡಿಗೆ ಸಿಕ್ಕಿ ಸಾಯುತ್ತವೆ. ಗೋಡೆಯಿಂದಲೂ ನೆಲದಿಂದಲೂ 20–25 ಸೆಂ.ಮೀ. ಬಿಟ್ಟು ಅಡ್ಡ ಕೊಳವೆ ಹಾಕುವುದು ಇದಕ್ಕಾಗಿಯೇ.

‘ಮರಿಗಳನ್ನು ಬೇರ್ಪಡಿಸಬೇಕು’ ಎಂಬುದನ್ನು ದಯವಿಟ್ಟು ತೆಗೆಯಿರಿ. ಅದನ್ನೋದಿದವರು ಮರಿಗಳನ್ನು ಎತ್ತಿ ಹೊಸ ಕೋಣೆಗೆ ಹಾಕುತ್ತಾರೆ. ತಾಯಿಯೂ ಇಲ್ಲ, ಜಾಗವೂ ಹೊಸದು ಎಂದಾಗ ಮರಿಗಳು ಮೇವು ಬಿಟ್ಟು ಬೇಧಿಗೆ ಬೀಳುತ್ತವೆ. ‘ಹಾಲು ಬಿಡಿಸುವಾಗ ತಾಯಿಯನ್ನು ಹೊರಗೆ ಸಾಗಿಸಿ, ಮರಿಗಳು ಅದೇ ಕೋಣೆಯಲ್ಲಿರಲಿ, ಒಂದು ವಾರ ಆಹಾರ ಬದಲಿಸಬೇಡಿ’ ಎಂದು ಬರೆಯಿರಿ.