ಡಾ. ಪಾಲ್ ಫಾರ್ಮರ್ ನೆನಪಿಗೆ ರುವಾಂಡಾಕ್ಕೆ ಯಂತ್ರ, ಔಷಧ ಕಳಿಸಬಹುದೇ?

ಹಳೇಬ್ಯಾಚ್ (ಪ್ರಶ್ನೆ)

ಬಡ ದೇಶಗಳ ರೋಗಿಗಳಿಗಾಗಿ ದುಡಿದ ಅಮೆರಿಕದ ವೈದ್ಯ ಡಾ. ಪಾಲ್ ಫಾರ್ಮರ್ 2022ರ ಫೆಬ್ರವರಿ 21ರಂದು ರುವಾಂಡಾದ ಬುಟಾರೊದಲ್ಲಿ ತೀರಿಕೊಂಡರು. ಆಗ ಅವರಿಗೆ 62 ವರ್ಷ. ಅವರ ಹೆಸರಿನಲ್ಲಿ ಏನಾದರೂ ಮಾಡೋಣ ಅಂತ ನಮ್ಮ ವೈದ್ಯರ ಗುಂಪು ಹಣ ಸೇರಿಸುತ್ತಿದೆ. ಸದ್ಯದ ಯೋಚನೆ ಇಷ್ಟು: ಕೋವಿಡ್ ಕಾಲದಲ್ಲಿ ಕೊಂಡು ಈಗ ಸುಮ್ಮನೆ ಬಿದ್ದಿರುವ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ನಿಮಿಷಕ್ಕೆ 5 ಲೀಟರಿನವರೆಗೆ ಕೊಡುವ ಯಂತ್ರ), ಜೊತೆಗೆ ಒಂದಷ್ಟು ಔಷಧ, ಅಲ್ಲಿನ ಒಂದು ಜಿಲ್ಲಾ ಆಸ್ಪತ್ರೆಗೆ. ಫಾರ್ಮರ್ ಕೆಲಸದ ರೀತಿಗೆ ಇದು ಒಪ್ಪುತ್ತದೆಯೇ? ಕಳಿಸುವುದಾದರೆ ಏನೇನು ನೋಡಿಕೊಳ್ಳಬೇಕು?

ಬಯೋಮೆಡ್ ಬೆಂಚು

ಯಂತ್ರದ ಮಾತು ಮೊದಲು. ಸುಮ್ಮನೆ ಬಿದ್ದಿರುವ ಕಾನ್ಸಂಟ್ರೇಟರ್ ಅಂದರೇ ಅನುಮಾನ ಪಡಬೇಕು. ಒಳಗಿರುವ ಜಿಯೊಲೈಟ್ ಹರಳುಗಳು ಗಾಳಿಯಿಂದ ನೈಟ್ರೋಜನ್ ಹಿಡಿದಿಟ್ಟು ಆಕ್ಸಿಜನ್ ಬಿಡುತ್ತವೆ. ಆದರೆ ಅವುಗಳಿಗೆ ನೈಟ್ರೋಜನ್‌ಗಿಂತ ತೇವದ ಮೇಲೇ ಮೋಹ ಜಾಸ್ತಿ. ಓಡಿಸದೆ ಇಟ್ಟರೆ ಮೆಲ್ಲಗೆ ತೇವ ಹೀರಿ ಕೆಡುತ್ತವೆ. ಹೊರಗಿಂದ ಯಂತ್ರ ಹೊಸದರಂತೆ ಕಾಣುತ್ತದೆ, ಗಾಳಿಯೂ ಬರುತ್ತದೆ, ಅದರಲ್ಲಿ ಬೇಕಾದಷ್ಟು ಆಕ್ಸಿಜನ್ ಇರುವುದಿಲ್ಲ ಅಷ್ಟೆ.

ಪರೀಕ್ಷೆ ಮಾಡುವಾಗ ಹರಿವನ್ನು ಪೂರ್ತಿ 5 ಲೀಟರಿಗೆ ಇಡಿ. ಯಂತ್ರ ಒಂದು ಹದಕ್ಕೆ ಬರುವವರೆಗೆ ಓಡಿಸಿ, ಆಮೇಲೆ ಆಕ್ಸಿಜನ್ ಅನಲೈಸರ್‌ನಲ್ಲಿ ಅಳೆಯಿರಿ. 1 ಲೀಟರಿನಲ್ಲಿ ಅಳೆದರೆ ಅರ್ಧ ಕೆಟ್ಟದ್ದೂ ಪಾಸಾಗುತ್ತದೆ. ಆಕ್ಸಿಜನ್ ಶೇ. 90ರ ಮೇಲಿದ್ದರೆ ಚೆನ್ನ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ ಮಿತಿ ಶೇ. 82. ಅದಕ್ಕಿಂತ ಕೆಳಗಿದ್ದರೆ ಕಳಿಸಲೇಬೇಡಿ.

ಕರೆಂಟು: ರುವಾಂಡಾದಲ್ಲಿ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ 120 ವೋಲ್ಟ್, 60 ಹರ್ಟ್ಸ್ ಯಂತ್ರಕ್ಕೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕು ಅನ್ನುವವರಿದ್ದಾರೆ. ಸಾಲದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಕಂಪ್ರೆಸರ್ ನಿಧಾನವಾಗಿ ತಿರುಗಿ, ಕಾದು, ಒತ್ತಡ ಸಾಲದೆ ಆಕ್ಸಿಜನ್ ಮಟ್ಟ ಇಳಿಯುತ್ತದೆ. ಇನ್ನೊಂದು, ಎತ್ತರ. ಕಿಗಾಲಿಯೇ ಸುಮಾರು 1,500 ಮೀಟರ್ ಮೇಲಿದೆ. ಉತ್ತರದ ಗುಡ್ಡಗಳಲ್ಲಿ 2,000 ದಾಟಿದ ಊರುಗಳಿವೆ. ನಿಮ್ಮ ಮಾಡೆಲ್ ಎಷ್ಟು ಎತ್ತರದವರೆಗೆ ಸರಿಯಾಗಿ ಓಡುತ್ತದೆಂದು ಮ್ಯಾನ್ಯುಯಲ್‌ನಲ್ಲಿ ನೋಡಿ.

ಪ್ರತಿ ಯಂತ್ರದ ಜೊತೆ ಸ್ಟೆಬಿಲೈಸರ್, ಎರಡು ವರ್ಷಕ್ಕಾಗುವಷ್ಟು ಫಿಲ್ಟರ್, ಸರ್ವಿಸ್ ಮ್ಯಾನ್ಯುಯಲ್, ಮಕ್ಕಳಿಗೆ ಹೊಂದುವ ಪ್ರೋಬ್ ಇರುವ ಪಲ್ಸ್ ಆಕ್ಸಿಮೀಟರ್ ಹೋಗಬೇಕು. ನವಜಾತ ಶಿಶುವಿಗೆ ಸಾಮಾನ್ಯವಾಗಿ ನಿಮಿಷಕ್ಕೆ 0.5ರಿಂದ 1 ಲೀಟರ್ ಸಾಕು, ಹಾಗಾಗಿ ಹರಿವನ್ನು ಹಲವು ಕೊಳವೆಗಳಿಗೆ ಹಂಚುವ ಫ್ಲೋ ಸ್ಪ್ಲಿಟರ್ ಇದ್ದರೆ ಒಂದೇ ಯಂತ್ರ ಹಲವು ಮಕ್ಕಳಿಗಾಗುತ್ತದೆ. ಕರೆಂಟು ಹೋದ ಕ್ಷಣ ಕಾನ್ಸಂಟ್ರೇಟರ್ ನಿಲ್ಲುತ್ತದೆ, ಅದರಲ್ಲಿ ದಾಸ್ತಾನು ಅನ್ನುವುದೇ ಇಲ್ಲ. ಆಸ್ಪತ್ರೆಯಲ್ಲಿ ಬದಲಿ ಸಿಲಿಂಡರ್ ಇದೆಯೇ ಕೇಳಿ.

ಮಾತ್ರೆ ಲೆಕ್ಕ

ಔಷಧದ ವಿಷಯದಲ್ಲಿ ನನ್ನ ಸಲಹೆ: ಬೇಡ. ಕಳಿಸಲೇಬೇಕೆಂದರೆ ವಿಶ್ವ ಆರೋಗ್ಯ ಸಂಸ್ಥೆಯ ನಿಯಮಗಳಿವೆ. ಪಡೆಯುವವರು ಕೇಳಿದ್ದನ್ನೇ ಕಳಿಸಬೇಕು. ಆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿರಬೇಕು. ತಲುಪಿದ ದಿನದಿಂದ ಕನಿಷ್ಠ 12 ತಿಂಗಳು ಅವಧಿ ಉಳಿದಿರಬೇಕು. ಲೇಬಲ್ ಮೇಲೆ ಜೆನೆರಿಕ್ ಹೆಸರು (ಬ್ರಾಂಡಿನದಲ್ಲ, ಔಷಧದ ಮೂಲ ಹೆಸರು) ಇರಬೇಕು. ಸ್ಯಾಂಪಲ್‌ಗಳನ್ನಾಗಲೀ ರೋಗಿಗಳು ಹಿಂದಿರುಗಿಸಿದ ಮಾತ್ರೆಗಳನ್ನಾಗಲೀ ಮುಟ್ಟಬೇಡಿ. ಆಮದಿಗೆ ರುವಾಂಡಾ ಎಫ್‌ಡಿಎ (ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ) ಅನುಮತಿ ಮೊದಲೇ ಆಗಬೇಕು, ಇಲ್ಲದಿದ್ದರೆ ಡಬ್ಬಗಳು ಕಸ್ಟಮ್ಸ್‌ನಲ್ಲೇ ಕೂತು ಎಕ್ಸ್‌ಪೈರಿ ದಾಟುತ್ತವೆ. ಆಮೇಲೆ ಅವನ್ನು ಸುಡುವ ಖರ್ಚು ಪಡೆದವರ ತಲೆಗೆ.

ಗುಡ್ಡದ ದಾರಿ

ಫಾರ್ಮರ್ ಒಪ್ಪುತ್ತಿದ್ದರೇ ಅನ್ನುವ ಪ್ರಶ್ನೆಗೆ ಬರುತ್ತೇನೆ. ಅವರ ಪಾರ್ಟ್‌ನರ್ಸ್ ಇನ್ ಹೆಲ್ತ್ ಸಂಸ್ಥೆ 2005ರಲ್ಲಿ ರುವಾಂಡಾಕ್ಕೆ ಹೋದಾಗ ಸ್ವಂತ ಆಸ್ಪತ್ರೆ ತೆರೆಯಲಿಲ್ಲ. ಆರೋಗ್ಯ ಇಲಾಖೆಯ ಜೊತೆ ಸೇರಿ ರ್ವಿಂಕ್ವಾವುವಿನ ಪಾಳುಬಿದ್ದ ಸರಕಾರಿ ಆಸ್ಪತ್ರೆಯನ್ನೇ ಎತ್ತಿ ನಿಲ್ಲಿಸಿತು. ಬುಟಾರೊ ಇರುವ ಬುರೇರಾ ಜಿಲ್ಲೆಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ, ಜಿಲ್ಲಾ ಆಸ್ಪತ್ರೆ ಇರಲಿಲ್ಲ. 2011ರಲ್ಲಿ ಬುಟಾರೊ ಆಸ್ಪತ್ರೆ ಆಯಿತು, ಅದೂ ಸರಕಾರದ್ದೇ. ಗುಡ್ಡ ಅಗೆಯಲು ಯಂತ್ರದ ಬದಲು ಊರಿನವರನ್ನೇ ಕೂಲಿ ಕೊಟ್ಟು ಹಚ್ಚಿದರು. ಕ್ಷಯ ಹರಡದಂತೆ ಗಾಳಿ ಆಡುವ ಹಾಗೆ ವಾರ್ಡ್ ಕಟ್ಟಿದರು: ದೊಡ್ಡ ಫ್ಯಾನು, ಮೇಲೆ ತೆರೆದ ಕಿಂಡಿಗಳು, ಸೂಕ್ಷ್ಮಾಣು ಕೊಲ್ಲುವ ಯುವಿ ದೀಪ, ರೋಗಿಗಳು ಗುಂಪುಗೂಡದಂತೆ ಹೊರಗಿನ ಮೊಗಸಾಲೆ.

2012ರಲ್ಲಿ ಅಲ್ಲೇ ಕ್ಯಾನ್ಸರ್ ಕೇಂದ್ರ ಶುರುವಾದಾಗ ಸ್ಥಳದಲ್ಲಿ ಕ್ಯಾನ್ಸರ್ ತಜ್ಞರಿರಲಿಲ್ಲ. ಸಾಮಾನ್ಯ ವೈದ್ಯರು, ನರ್ಸುಗಳು ಲಿಖಿತ ಪ್ರೊಟೊಕಾಲ್ ಹಿಡಿದು ಚಿಕಿತ್ಸೆ ಕೊಟ್ಟರು. ಕಷ್ಟದ ಕೇಸುಗಳನ್ನು ವಾರವಾರ ಬೋಸ್ಟನ್ ತಜ್ಞರ ಜೊತೆ ಫೋನಿನಲ್ಲಿ ಚರ್ಚಿಸುತ್ತಿದ್ದರು. ನಿಮ್ಮ ಗುಂಪು ವೈದ್ಯರದ್ದಾದರೆ ಇಂಥ ವಾರದ ಒಂದು ಗಂಟೆ ಐದು ವರ್ಷ ತಪ್ಪದೆ ಕೊಡುವುದೇ ಯಂತ್ರಕ್ಕಿಂತ ದೊಡ್ಡ ಕಾಣಿಕೆ ಅಂತ ನನಗನ್ನಿಸುತ್ತದೆ. ಮೊದಲ ವರ್ಷ ಉತ್ಸಾಹ, ಎರಡನೇ ವರ್ಷ ಮೌನ: ಇಂಥ ಜೋಡಣೆಗಳು ಸಾಯುವುದು ಹೀಗೆ.

ಹಣ ಉಳಿದರೆ ಆಸ್ಪತ್ರೆಯ ಯಂತ್ರ ರಿಪೇರಿ ಮಾಡುವ ಬಯೋಮೆಡಿಕಲ್ ಟೆಕ್ನಿಷಿಯನ್ ಸಂಬಳಕ್ಕೆ ಕೊಡಿ, ಇಲಾಖೆಯ ಮೂಲಕ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಸೇವೆ ಅಂತ ಬೆನ್ನು ತಟ್ಟಿದರೆ ಸಾಲದು, ದುಡ್ಡು ಕೊಡಬೇಕು ಅನ್ನುವುದು ಫಾರ್ಮರ್ ಬಿಡದೆ ಹಿಡಿದ ಹಟ.

ಬಯೋಮೆಡ್ ಬೆಂಚು

ಒಪ್ಪುತ್ತೇನೆ, ಆದರೆ ಸಾಮಾನನ್ನು ತೀರಾ ಹಗುರ ಮಾಡಬೇಡಿ. ಸಿಬ್ಬಂದಿ, ಸಾಮಗ್ರಿ, ಜಾಗ, ವ್ಯವಸ್ಥೆ ಎಲ್ಲವೂ ಬೇಕು ಅನ್ನುತ್ತಿದ್ದವರು ಫಾರ್ಮರ್ ಅವರೇ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಬಂದಾಗ, ರೋಗ ಹರಡದಂತೆ ಬೇಲಿ ಹಾಕುವುದರಲ್ಲೇ ಮುಳುಗಿ ರೋಗಿಗೆ ಡ್ರಿಪ್ ಹಾಕುವುದನ್ನೇ ಮರೆತಿದ್ದಾರೆ ಅಂತ ಸಿಟ್ಟಾದರು. ಸಲೈನ್ ಇಲ್ಲದ ವಾರ್ಡಿನಲ್ಲಿ ತರಬೇತಿ ಶಿಬಿರ ನಡೆಸಿ ಏನು ಪ್ರಯೋಜನ?

ಹಳೇಬ್ಯಾಚ್

ಔಷಧ ಕೈಬಿಟ್ಟೆವು. ಆಸ್ಪತ್ರೆಗೆ ಬರೆಯುವಾಗ ಯಾರನ್ನು ಕೇಳಬೇಕು?

ಗುಡ್ಡದ ದಾರಿ

ನಿರ್ದೇಶಕರಿಗೆ ಬರೆಯಿರಿ, ಬಯೋಮೆಡಿಕಲ್ ವಿಭಾಗಕ್ಕೂ ಪ್ರತಿ ಇರಲಿ. “ಇದು ಬೇಕೇ?” ಅಂತ ಕೇಳಬೇಡಿ, ಬೇಡ ಅನ್ನಲು ಯಾರಿಗೂ ಮುಜುಗರ. ಈಗ ಯಾವ ಮಾಡೆಲ್ ಬಳಸುತ್ತೀರಿ, ಎಷ್ಟು ಕೆಟ್ಟು ಕೂತಿವೆ, ಯಾವ ಬಿಡಿಭಾಗ ಸಿಗದೆ ನಿಂತಿವೆ ಅಂತ ಕೇಳಿ. ಎಷ್ಟೋ ಸಲ ಹೊಸ ಹತ್ತು ಯಂತ್ರಕ್ಕಿಂತ ಒಂದು ಪೆಟ್ಟಿಗೆ ವಾಲ್ವ್, ಫಿಲ್ಟರ್ ಮತ್ತು ಒಂದು ಅನಲೈಸರ್ ಹೆಚ್ಚು ಕೆಲಸಕ್ಕೆ ಬರುತ್ತದೆ.